ಮೂತಿಗೆ ಹತ್ತಿದ ಮಸಿ

ಕಳೆದ ದಸರಾ ರಜೆಗೆ ಮುಂಚೆ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ವಾಚನಾಲಯದ ಕಿಟಕಿಯ ಬಳಿ ಕುಳಿತು ನಾನೊಂದು ಚಿತ್ರಪುಸ್ತಕವನ್ನು ಓದುತ್ತಿದ್ದೆ. ಪುಸ್ತಕದ ರಟ್ಟಿನ ಮೇಲೆ ಬೆಕ್ಕಿನ ಚಿತ್ರ. ಆ ದಾರಿಯಾಗಿ ಬಂದ ನಮ್ಮ ಅಧ್ಯಾಪಕರೊಬ್ಬರು ನಿಂತು ನೋಡಿ, “ಏನಮ್ಮಾ, ಅಂತಿಮ ಬಿ.ಎ. ತರಗತಿಗೆ ಈ ವರ್ಷ ಬೆಕ್ಕಿನ ಪಾಠ ಇಟ್ಟಿದ್ದಾರೆಯೇ?” ಎಂದು ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಪುಸ್ತಕವನ್ನು ಕೈಗೆ ತೆಗೆದುಕೊಂಡು ನಾಲ್ಕು ಹಾಳೆ ತಿರುವಿ, “ಸಯಾಮಿನ ಬೆಕ್ಕು ಚೀನಾದಲ್ಲಿ ಹುಟ್ಟಿತು ಎಂದು ಬರೆದಿದ್ದಾರಲ್ಲ! ಬರೆದವರು ಅಮೆರಿಕದವರು. ಮಕ್ಕಳಿಗೆ ಇಂಥ ಸುಳ್ಳನ್ನೂ ಹೇಳಬಹುದೇ?” ಎಂದು ಕೇಳಿ ಹಿಂದಿರುಗಿಸಿದರು. ಆ ಕ್ಷಣದಲ್ಲಿ ನನಗೆ ತಕ್ಕ ಉತ್ತರ ತೋಚಲಿಲ್ಲ. ಹೊಳೆದುದನ್ನು ಈಗ ಬರೆಯುತ್ತಿದ್ದೇನೆ. ಪೂಜ್ಯ ಅಧ್ಯಾಪಕರು ಇದನ್ನು ಎದುರುತ್ತರವೆಂದು ಭಾವಿಸಬಾರದು.

ಪುಸ್ತಕದ ಹೆಸರು ‘ದಿ ಚೈನೀಸ್ ಸಯಾಮೀಸ್ ಕ್ಯಾಟ್’. ಅಮೆರಿಕದ ಪ್ರಸಿದ್ಧ ಕಾದಂಬರಿಗಾರ್ತಿ ಏಮಿ ಟ್ಯಾನ್ ಅವರು ಬರೆದು, ಗ್ರೆಚೆನ್ ಶೀಲ್ಡ್ಸ್ ಎಂಬುವರು ಚಿತ್ರ ಬರೆದು, 1994ರಲ್ಲಿ ಪ್ರಕಟವಾಯಿತು. ಅದರ ಆಧಾರದ ಮೇಲೆಯೇ 2001ರ ಸೆಪ್ಟೆಂಬರಿನಿಂದ ಮುಂದಿನ ವರ್ಷದವರೆಗೆ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ನಲವತ್ತು ಕಂತುಗಳ ಚಿತ್ರಮಾಲೆಯೊಂದು ನಡೆಯಿತು. ಕೆನಡದ ಒಂದು ಸಂಸ್ಥೆಯೂ ‘ಸೆಸಮಿ’ ಎಂಬ ಹೆಸರಿನಿಂದ ಮಕ್ಕಳ ಕಾರ್ಯಕ್ರಮಗಳಿಗೆ ಹೆಸರುವಾಸಿಯಾದ ಅಮೆರಿಕದ ಸಂಸ್ಥೆಯೂ ಕೂಡಿ ಅದನ್ನು ತಯಾರಿಸಿದುವು. ನಮ್ಮ ದೊಡ್ಡಮ್ಮನ ಮಗ ಆ ದೇಶದಿಂದ ರಜೆಗೆ ಬಂದಾಗ ನನ್ನ ತಂಗಿಗೆಂದು ಪುಸ್ತಕವನ್ನು ತಂದುಕೊಟ್ಟನು. ಚಿತ್ರಮಾಲೆಯ ಕೆಲವು ಕಂತುಗಳನ್ನು ತನ್ನ ಕಂಪ್ಯೂಟರಿನಲ್ಲಿ ತೋರಿಸಿದನು. ತಂಗಿಗೆ ಒಂಬತ್ತು ವರ್ಷ. ಅವಳಿಗೆ ಕನ್ನಡದಲ್ಲಿ ಹೇಳುವ ಸಲುವಾಗಿ ನಾನು ಓದಬೇಕಾಯಿತು. ಬೆಕ್ಕಿನ ಪಾಠ ಇಟ್ಟವರು ಯಾರೆಂಬ ಪ್ರಶ್ನೆಗೆ ಇದೇ ಉತ್ತರ.

ಕಥೆ ಇಷ್ಟು. ತಾಯಿಬೆಕ್ಕೊಂದು ತನ್ನ ಮರಿಗಳನ್ನು ಕೂರಿಸಿಕೊಂಡು, ‘ಜನರು ನಿಮ್ಮನ್ನು ಸಯಾಮಿನವರೆಂದು ಕರೆಯುತ್ತಾರೆ, ಆದರೆ ನಾವು ಚೀನಾದವರು’ ಎಂಬ ಅರ್ಥದಲ್ಲಿ ಅವುಗಳ ಮೂಲಪುರುಷನ, ಅಲ್ಲ, ಮೂಲಸ್ತ್ರೀಯ ವೃತ್ತಾಂತವನ್ನು ಹೇಳುತ್ತದೆ. ಬಹು ಹಿಂದೆ ಚೀನಾದ ಒಂದು ಊರಿನಲ್ಲಿ ಒಬ್ಬ ನ್ಯಾಯಾಧಿಕಾರಿ. ತೆರಿಗೆ, ತೀರ್ಪು, ಬಂದೋಬಸ್ತು ಎಲ್ಲವೂ ಅವನ ಕೈಯಲ್ಲೇ ಇದ್ದುದರಿಂದ ನಮ್ಮ ಹಳೆಯ ಮೈಸೂರಿನ ಮಾತಿನಲ್ಲಿ ಅವನನ್ನು ಅಮಲ್ದಾರ ಎನ್ನುತ್ತೇನೆ. ಅಮಲ್ದಾರನು ದಡ್ಡ, ಜೊತೆಗೆ ಸ್ವಾರ್ಥಿ. ಅವನ ಮನೆಯಲ್ಲಿ ಅಪ್ಪ ಅಮ್ಮ ಮರಿಗಳಿರುವ ಒಂದು ಬೆಕ್ಕಿನ ಸಂಸಾರ. ಅವು ಬಾಲವನ್ನು ಮಸಿಯಲ್ಲಿ ಅದ್ದಿ ಅವನ ನಿರೂಪಗಳನ್ನು ಬರೆದುಕೊಡಬೇಕು. ಒಂದು ದಿನ, ಹೊತ್ತು ಮುಳುಗುವ ತನಕ ಜನರು ಹಾಡಬಾರದು ಎಂಬ ನಿರೂಪ ಹೊರಟಿತು. ಸಾಗ್ವಾ ಎಂಬ ತುಂಟ ಮರಿಯು ಮಸಿಯ ಪಾತ್ರೆಗೆ ಬಿದ್ದಿತು; ಆ ಪ್ರಕರಣದಲ್ಲಿ ನಿರೂಪದೊಳಗಿನ ನಿಷೇಧದ ಒಂದು ಪದ ಮಸಿಯಲ್ಲಿ ಮುಚ್ಚಿಹೋಯಿತು. ಮರುದಿನ ಊರಿಗೆ ಊರೇ ಹಾಡತೊಡಗಿತು. ಅಮಲ್ದಾರನು ಮೊದಲು ಕೆಂಡವಾದನು. ಆಮೇಲೆ ಜನ ತನ್ನನ್ನೇ ಹೊಗಳಿ ಹಾಡುತ್ತಿದ್ದಾರೆಂದು ಕೇಳಿ ಮನಸ್ಸು ಕರಗಿ, ಕೆಟ್ಟ ನಿಯಮಗಳನ್ನು ಬಿಟ್ಟುಕೊಟ್ಟನು. ಸಾಗ್ವಾಳ ಗೌರವಾರ್ಥವಾಗಿ ಇನ್ನು ಮುಂದೆ ಚೀನಾದ ಬೆಕ್ಕುಗಳಿಗೆಲ್ಲ ಮೂತಿ, ಕಿವಿ, ಪಾದ, ಬಾಲಗಳು ಕಪ್ಪಾಗಿರತಕ್ಕದ್ದು ಎಂದು ಆಜ್ಞೆ ಮಾಡಿದನು.

ಹೆಸರುಗಳ ಚಮತ್ಕಾರವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಮರಿಗಳ ಹೆಸರುಗಳೆಲ್ಲ ಕಾಯಿಗಳ ಹೆಸರುಗಳು. ಅಣ್ಣ ಡಾಂಗ್ವಾ ಎಂದರೆ ಚೀನೀ ಭಾಷೆಯಲ್ಲಿ ನಮ್ಮ ಬೂದುಗುಂಬಳಕಾಯಿಯೇ. ತಂಗಿ ಶೀಗ್ವಾ ಎಂದರೆ ಕಲ್ಲಂಗಡಿ. ನಡುವಿನವಳಾದ ಸಾಗ್ವಾಳ ಹೆಸರಿನಲ್ಲಿಯೂ ಕಾಯಿ ಇದೆ, ಆದರೆ ಅದು ತೋಟದಲ್ಲಿ ಬೆಳೆಯುವ ಕಾಯಿಯಲ್ಲ. ‘ಶಾಗ್ವಾ’ ಎಂದು ಚೀನೀಯರು ಪೆದ್ದರನ್ನು ಮುದ್ದಿನಿಂದಲೋ ಸಿಟ್ಟಿನಿಂದಲೋ ಬಯ್ಯುವ ಮಾತು. ನಮ್ಮಲ್ಲಿಯೂ ‘ನಿನ್ನ ತಲೆಯಲ್ಲಿರುವುದು ಮಿದುಳೋ ಕುಂಬಳಕಾಯಿಯೋ’ ಎನ್ನುವುದುಂಟಲ್ಲ, ಹಾಗೆ. ಈ ಬೆಕ್ಕುಗಳ ಸ್ನೇಹಿತ ಫೂಫೂ ಎಂಬ ಬಾವಲಿ. ನಮಗೆ ಬಾವಲಿ ಮನೆಯೊಳಗೆ ಬಂದರೆ ಅಪಶಕುನ. ಚೀನೀಯರಿಗೆ ಹಾಗಲ್ಲ. ಬಾವಲಿಗೂ ಭಾಗ್ಯಕ್ಕೂ ಅವರ ಭಾಷೆಯಲ್ಲಿ ‘ಫೂ’ ಎಂಬ ಒಂದೇ ಉಚ್ಚಾರಣೆಯಿರುವುದರಿಂದ ಅವರು ಪಿಂಗಾಣಿ ಪಾತ್ರೆಗಳ ಮೇಲೆಯೂ ಜರತಾರಿ ಬಟ್ಟೆಗಳ ಮೇಲೆಯೂ ಬಾವಲಿಯನ್ನು ಮಂಗಳಚಿಹ್ನೆಯಾಗಿ ಬರೆಯುತ್ತಾರೆ. ಇದನ್ನು ಕೇಳಿದ ಮೇಲೆ ನನ್ನ ತಂಗಿಯು ಅರಳಿಮರದ ಬಾವಲಿಗಳನ್ನು ನೋಡಿ ಕೈಮುಗಿಯತೊಡಗಿದ್ದಾಳೆ. ಅಜ್ಜಿಗೆ ಇದು ಸರಿಬಿದ್ದಿಲ್ಲ.

ಇನ್ನು ಆಕ್ಷೇಪಕ್ಕೆ ಬರುತ್ತೇನೆ. ಸಯಾಮಿನ ಬೆಕ್ಕು ಚೀನಾದ್ದಲ್ಲ ಎಂಬ ಮಾತು ಸಂಪೂರ್ಣ ಸತ್ಯ. ಅದು ಇಂದಿನ ಥಾಯ್‌ಲೆಂಡಿನದು. ದೇಶವು 1939ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಬೆಕ್ಕು ಮಾತ್ರ ಹಳೆಯ ಹೆಸರಿನಲ್ಲಿಯೇ ಉಳಿಯಿತು. ಅಲ್ಲಿಯ ಜನ ಅದನ್ನು ವಿಚಿಯನ್ ಮಾತ್ ಎಂದು ಕರೆಯುತ್ತಾರೆ. ಬೆಕ್ಕುಗಳ ಶುಭಾಶುಭ ಲಕ್ಷಣಗಳನ್ನು ಪದ್ಯಗಳಲ್ಲಿ ಹೇಳಿ ಚಿತ್ರಗಳನ್ನು ಬರೆದಿರುವ ಹಳೆಯ ಹಸ್ತಪ್ರತಿಗಳು ಅವರಲ್ಲಿವೆ. ನಮ್ಮ ಅಶ್ವಶಾಸ್ತ್ರ ಗಜಶಾಸ್ತ್ರಗಳಂತೆ ಅದೊಂದು ಮಾರ್ಜಾಲಶಾಸ್ತ್ರವೆಂದರೆ ತಪ್ಪಾಗಲಾರದು. 1871ರಲ್ಲಿ ಲಂಡನ್ನಿನ ಸ್ಫಟಿಕಭವನದಲ್ಲಿ ನಡೆದ ಬೆಕ್ಕಿನ ಪ್ರದರ್ಶನದಲ್ಲಿ ಈ ಬೆಕ್ಕನ್ನು ಇಂಗ್ಲಿಷರು ಕಂಡರು. 1884ರಲ್ಲಿ ಬ್ಯಾಂಕಾಕಿನಲ್ಲಿದ್ದ ಬ್ರಿಟಿಷ್ ರಾಯಭಾರಿ ವರ್ಗದ ಅಧಿಕಾರಿ ಗೌಲ್ಡ್ ಎಂಬಾತನು ಒಂದು ಜೋಡಿಯನ್ನು ತನ್ನ ಸೋದರಿಗಾಗಿ ತಂದನು. ಚೀನಾದಲ್ಲಿಯೋ, ಹನ್ನೆರಡು ಪ್ರಾಣಿಗಳ ವರ್ಷಚಕ್ರದಲ್ಲಿ ಇಲಿಗೆ ಮೊದಲ ಸ್ಥಾನವಿದ್ದು ಬೆಕ್ಕಿಗೆ ಮೂಲೆಯಲ್ಲಿಯೂ ಜಾಗವಿಲ್ಲ. ಅಂಥ ದೇಶಕ್ಕೆ ಇಡೀ ಸಂಸಾರವನ್ನೇ ತಂದಿರಿಸಿದ್ದು ಧೈರ್ಯದ ಕೆಲಸವೇ ಸರಿ.

ಮೂತಿ ಕಪ್ಪಾದ ಕಾರಣವೂ ಮಸಿಯಲ್ಲ. ವಿಜ್ಞಾನಿಗಳು ಹೇಳುವಂತೆ ಈ ಬೆಕ್ಕಿನ ಕೂದಲಿಗೆ ಬಣ್ಣ ಕೊಡುವ ದ್ರವ್ಯವನ್ನು ತಯಾರಿಸುವ ಕಿಣ್ವವು ಶಾಖಕ್ಕೆ ಅಂಜುವಂಥದು. ಮೈಯ ಬಿಸಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ಮೂಗು, ಕಿವಿಯ ತುದಿ, ಪಾದ, ಬಾಲ ಇವು ಮಾತ್ರ ಕೊಂಚ ತಣ್ಣಗಿರುವ ಭಾಗಗಳಾದ್ದರಿಂದ ಅಲ್ಲಿ ಬಣ್ಣ ಕಟ್ಟುತ್ತದೆ. ತಾಯಿಯ ಗರ್ಭದಲ್ಲಿ ಎಲ್ಲೆಡೆಯೂ ಬೆಚ್ಚಗಿರುವುದರಿಂದ ಮರಿ ಹುಟ್ಟುವಾಗ ಬೆಳ್ಳಗೇ ಇರುತ್ತದೆ. ಹೊರಗಿನ ಗಾಳಿ ಸೋಕಿದ ಮೇಲೆ, ಕೆಲವು ವಾರಗಳಲ್ಲಿ, ಮೂತಿಗೆ ಮಸಿ ಹತ್ತುತ್ತದೆ. 1930ರಲ್ಲಿಯೇ ರಷ್ಯದ ವಿಜ್ಞಾನಿಗಳು ಇಂಥ ಬೆಕ್ಕಿನ ಮೈಯ ಕೂದಲನ್ನು ಬೋಳಿಸಿ, ಚಳಿಯಲ್ಲಿ ಇಟ್ಟಾಗ ಅಲ್ಲಿ ಕಪ್ಪು ಕೂದಲು ಬರುವುದೆಂದು ತೋರಿಸಿಕೊಟ್ಟರು. ಬೆಕ್ಕಿನ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ನನಗೆ ಇದರಲ್ಲಿ ಕಾಣುವ ಸ್ವಾರಸ್ಯವೇನೆಂದರೆ, ಕಥೆಯು ಕಾರಣವನ್ನು ತಪ್ಪಾಗಿ ಹೇಳಿದರೂ ಕ್ರಮವನ್ನು ಸರಿಯಾಗಿ ಹೇಳಿದೆ. ಮೊದಲು ಬಿಳುಪು, ಹೊರಗೆ ಬಂದು ಓಡಾಡಿದ ಮೇಲೆ ಕಪ್ಪು. ಮನೆಯಲ್ಲಿ ಈ ಬೆಕ್ಕನ್ನು ಸಾಕಿದವರು ಯಾರಾದರೂ ಕಣ್ಣಾರೆ ಕಾಣುವ ಸಂಗತಿಯಿದು. ಅದನ್ನು ನೋಡಿದ ಮಗು ‘ಏಕೆ ಹೀಗೆ?’ ಎಂದು ಕೇಳುತ್ತದೆ. ಕಿಣ್ವದ ವಿಷಯ ಹೇಳಲು ಇನ್ನೂ ಹತ್ತು ವರ್ಷ ಕಾಯಬೇಕು. ಮಗುವಾದರೋ ಹತ್ತು ನಿಮಿಷವೂ ಕಾಯುವುದಿಲ್ಲ. ಅಳಿಲಿನ ಬೆನ್ನಿನ ಮೂರು ಗೆರೆಗಳನ್ನು ಶ್ರೀರಾಮನ ಬೆರಳುಗಳು ಎಳೆದುವೆಂದು ನಮ್ಮ ಅಜ್ಜಿಯರು ಹೇಳಿದರು. ಅದನ್ನು ಕೇಳಿ ಪ್ರಾಣಿಶಾಸ್ತ್ರದಲ್ಲಿ ಹಿಂದೆ ಬಿದ್ದವರು ನನಗೆ ಗೊತ್ತಿಲ್ಲ. ಅಳಿಲನ್ನು ಕಲ್ಲಿನಿಂದ ಹೊಡೆಯಲು ಹಿಂಜರಿದವರು ಮಾತ್ರ ಬೇಕಾದಷ್ಟು ಮಂದಿ ಗೊತ್ತು.

ಆದರೆ ಸಯಾಮಿನ ಮಕ್ಕಳ ಕಡೆಯಿಂದ ನೋಡಿದರೆ ಆಕ್ಷೇಪದಲ್ಲಿ ಒಂದು ಮುಳ್ಳು ಉಳಿಯುತ್ತದೆಂಬುದನ್ನು ಒಪ್ಪುತ್ತೇನೆ. ನಮ್ಮ ಅಮೃತಮಹಲ್ ದನವನ್ನು ಯಾರೋ ಬೇರೆ ದೇಶದ್ದೆಂದು ಚಂದದ ಕಥೆ ಬರೆದರೆ ನಮಗೆ ಸುಮ್ಮನಿರಲಾಗುವುದೇ? ಬೆಕ್ಕು ನಮ್ಮದು, ಹೆಸರು ನಮ್ಮದು, ಕಥೆ ಮಾತ್ರ ನೆರೆಯವರದು ಎಂದು ಬ್ಯಾಂಕಾಕಿನ ಮಗುವೊಂದು ಮುನಿಸಿಕೊಂಡರೆ ಅದು ಕೇಳತಕ್ಕ ಮಾತೇ. ಏಮಿ ಟ್ಯಾನ್ ಅವರ ಪರವಾಗಿ ನಾನು ಇಷ್ಟು ಹೇಳಬಲ್ಲೆ: ಅವರ ತಂದೆತಾಯಿಗಳು ಚೀನಾ ಬಿಟ್ಟು ಬಂದವರು, ಅವರು ಹುಟ್ಟಿದ್ದು 1952ರಲ್ಲಿ, ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ. ತಾಯಿಯ ದೇಶವನ್ನು ಅವರು ಮೊದಲ ಸಲ ಕಂಡದ್ದು 1987ರಲ್ಲಿ. ಹೊರಗಿನವರು ಕರೆಯುವ ಹೆಸರು ಒಂದು, ಮನೆಯೊಳಗೆ ತಾಯಿ ಹೇಳುವ ಊರು ಇನ್ನೊಂದು. ಇದು ವಲಸೆ ಹೋದವರ ಮಕ್ಕಳಿಗೆಲ್ಲ ಪರಿಚಿತವಾದ ಅವಸ್ಥೆ. ತಾಯಿಬೆಕ್ಕು ಮರಿಗಳಿಗೆ ಹೇಳುವುದನ್ನು ಓದುವಾಗ ನನಗೆ ಬೆಕ್ಕುಗಳು ಮರೆತೇಹೋದುವು. ದೊಡ್ಡಮ್ಮನ ಮಗನ ಚಿಕ್ಕ ಹುಡುಗಿಯನ್ನು ಆ ದೇಶದ ಶಾಲೆಯಲ್ಲಿ ‘ನೀನು ಎಲ್ಲಿಯವಳು’ ಎಂದು ಕೇಳಿದರೆ ಅವಳು ಏನೆನ್ನುತ್ತಾಳೋ!

ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿ ಇಡಬೇಕು. 1955ರಲ್ಲಿ ಡಿಸ್ನಿಯವರು ಎರಡು ನಾಯಿಗಳ ಪ್ರಣಯವನ್ನು ಕುರಿತು ತೆಗೆದ ಪ್ರಸಿದ್ಧ ಚಿತ್ರದಲ್ಲಿ ಸೈ, ಆಮ್ ಎಂಬ ಎರಡು ಸಯಾಮಿನ ಬೆಕ್ಕುಗಳಿವೆ. ಎರಡು ಹೆಸರನ್ನೂ ಕೂಡಿಸಿ ಓದಿದರೆ ಸಯಾಮ್ ಆಗುತ್ತದೆ. ಅವು ಕಳ್ಳಬುದ್ಧಿಯವು, ಓರೆಗಣ್ಣಿನವು, ಪೂರ್ವದೇಶದವರ ಇಂಗ್ಲಿಷನ್ನು ಅಣಕಿಸುವ ರಾಗದಲ್ಲಿ ಹಾಡುವಂಥವು. ಅಮೆರಿಕದ ಮಕ್ಕಳು ಅನೇಕ ವರ್ಷ ಸಯಾಮಿನ ಬೆಕ್ಕೆಂದರೆ ಇದೇ ಎಂದು ನೋಡಿ ನಕ್ಕರು. 2019ರಲ್ಲಿ ಅದೇ ಕಥೆಯನ್ನು ಮತ್ತೆ ಚಿತ್ರವಾಗಿ ತೆಗೆದಾಗ ಆ ಹಾಡನ್ನು ಬಿಟ್ಟರು. ಅಂಥ ಬೆಕ್ಕಿಗೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಜಗಳವಾಡುವ ಅಣ್ಣ, ಇವರನ್ನೆಲ್ಲ ಕೊಟ್ಟು ಸಂಸಾರವಂದಿಗನನ್ನಾಗಿ ಮಾಡಿದ್ದು ಸಣ್ಣ ಕೆಲಸವಲ್ಲ.

ಅಮಲ್ದಾರನ ವಿಷಯ. ಚೀನಾದ ಅಧಿಕಾರಿಯನ್ನು ದಡ್ಡನೆಂದು ತೋರಿಸಿದ್ದು ಆ ದೇಶಕ್ಕೆ ಅವಮಾನವಲ್ಲವೇ ಎಂದು ನನ್ನ ಸಹಪಾಠಿಯೊಬ್ಬಳು ಕೇಳಿದಳು. ಚಿತ್ರಮಾಲೆಯ ಕಥೆ ನಡೆಯುವುದು 1644ರಿಂದ 1912ರವರೆಗೆ ಆಳಿದ ಚಿಂಗ್ ವಂಶದ ಕಾಲದಲ್ಲಿ. ಆಗ ಒಂದೊಂದು ಜಿಲ್ಲೆಗೂ ಇಂಥ ಒಬ್ಬ ಅಧಿಕಾರಿ ಇದ್ದನು. ಜನರು ಅವನನ್ನು ‘ತಾಯಿತಂದೆ ಅಧಿಕಾರಿ’ ಎಂದು ಕರೆಯುತ್ತಿದ್ದರು. ದೊಡ್ಡ ಪರೀಕ್ಷೆಗಳನ್ನು ಪಾಸುಮಾಡಿ ಬಂದವರೇ ಬಹುಮಂದಿ. ಹಣ ಕೊಟ್ಟು ಅರ್ಹತೆ ಪಡೆದವರೂ ಇದ್ದರು. ಸ್ವಂತ ಪ್ರಾಂತದಲ್ಲಿ ಅವರನ್ನು ನೇಮಿಸುತ್ತಿರಲಿಲ್ಲ. ಪಕ್ಷಪಾತ ಬರಬಾರದೆಂಬ ಸದುದ್ದೇಶದಿಂದ ಮಾಡಿದ ಈ ಏರ್ಪಾಡಿನಿಂದ, ಬಂದ ಅಧಿಕಾರಿಗೆ ಎಷ್ಟೋ ವೇಳೆ ಊರಿನ ಮಾತೇ ತಿಳಿಯುತ್ತಿರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಮತ್ತೆಲ್ಲಿಗೋ ವರ್ಗ. ಆದುದರಿಂದ ಆಡಳಿತವೆಲ್ಲ ಸ್ಥಳೀಯ ಗುಮಾಸ್ತರ ಕೈಯಲ್ಲಿ. ಬರೆಯುವವರು ಗುಮಾಸ್ತರು, ಮೊಹರು ಒತ್ತುವವನು ಮಾತ್ರ ಅಧಿಕಾರಿ. ಈ ಹಿನ್ನೆಲೆಯಲ್ಲಿ ನೋಡಿದರೆ ಬಾಲದಿಂದ ನಿರೂಪ ಬರೆಯುವ ಬೆಕ್ಕುಗಳು ಯಾರೆಂಬುದು ಸ್ಪಷ್ಟವಾಗುತ್ತದೆ. ಅವನು ದಡ್ಡನಾದದ್ದು ಚೀನಾದವನಾದ್ದರಿಂದ ಅಲ್ಲ. ತಾನು ಹೊರಡಿಸಿದ ಕಾಗದವನ್ನು ತಾನೇ ಓದದ್ದರಿಂದ. ಪರೀಕ್ಷೆಯಲ್ಲಿ ತೇರ್ಗಡೆಯಾದವರೂ ದಡ್ಡರಾಗಿರಬಹುದು ಎಂಬ ಸೂಚನೆಯಿದ್ದರೆ ಅದು ಫಲಿತಾಂಶ ಬರುವ ಈ ತಿಂಗಳಿನಲ್ಲಿ ನಮ್ಮ ಎಷ್ಟೋ ಮಿತ್ರರಿಗೆ ಸಮಾಧಾನ ಕೊಡಬಹುದು.

ಆ ಒಂದು ಪದದ ವಿಷಯವನ್ನು ನಾನು ಬಹಳ ಯೋಚಿಸಿದೆ. ಇಂಗ್ಲಿಷಿನಲ್ಲಿ ನಿಷೇಧದ ಆ ಚಿಕ್ಕ ಪದ ಅಳಿದುಹೋದರೆ ಉಳಿಯುವುದು ‘ಹೊತ್ತು ಮುಳುಗುವ ತನಕ ಹಾಡಲೇಬೇಕು’ ಎಂಬ ಅಪ್ಪಣೆ. ಹಾಡಬಾರದೆಂಬುದು ಎಷ್ಟು ಮೂರ್ಖವೋ ಹಾಡಲೇಬೇಕೆಂಬುದೂ ಅಷ್ಟೇ ಮೂರ್ಖ. ಗಂಟಲು ನೋಯುತ್ತಿದ್ದವನು, ಮನೆಯಲ್ಲಿ ಸಾವಾಗಿದ್ದವನು ಏನು ಮಾಡಬೇಕು? ಕಥೆ ಅದನ್ನು ಕೇಳುವುದಿಲ್ಲ. ಆದರೆ ಕಥೆ ನಡೆದದ್ದು ಇಂಗ್ಲಿಷಿನಲ್ಲಿ ಅಲ್ಲವಷ್ಟೆ. ಚೀನೀ ಬರವಣಿಗೆಯಲ್ಲಿ ‘ಇಲ್ಲ’ ಎನ್ನುವ ‘ಬು’ ಎಂಬುದು ನಾಲ್ಕೇ ಗೆರೆಗಳ ಒಂದು ಬಿಡಿ ಅಕ್ಷರ. ‘ಬು ಖ’ ಎಂದರೆ ಕೂಡದು, ಬರಿಯ ‘ಖ’ ಎಂದರೆ ಕೂಡುವುದು, ಆಗಬಹುದು. ಬೆಕ್ಕಿನ ಪಾದ ಆ ಒಂದು ಅಕ್ಷರದ ಮೇಲೆ ಬಿದ್ದರೆ ಸಾಕು, ನಿಷೇಧವು ಅನುಮತಿಯಾಗುತ್ತದೆ. ಬಲವಂತವಾಗುವುದಿಲ್ಲ.

ತಂಗಿಗೆ ಕನ್ನಡದಲ್ಲಿ ಹೇಳುವಾಗ ನನಗೆ ತೊಡಕು ಬಂತು. ನಮ್ಮಲ್ಲಿ ‘ನಾಟ್’ ಎಂಬ ಬಿಡಿ ಪದವೆಲ್ಲಿದೆ? ನಿಷೇಧವು ಕ್ರಿಯಾಪದದ ಹೊಟ್ಟೆಯೊಳಗೇ ಸೇರಿಕೊಂಡಿದೆ. ಹಲಗೆಯ ಮೇಲೆ ‘ಹಾಡಬಾರದು’ ಎಂದು ಬರೆದು ಸುಮ್ಮನೆ ನೋಡುತ್ತಾ ಕುಳಿತೆ. ತಂಗಿಯು ಬೆರಳನ್ನು ಒದ್ದೆ ಮಾಡಿಕೊಂಡು ನಡುವೆ ಒಂದಿಷ್ಟು ಒರೆಸಿದಳು. ‘ಹಾಡಬ’ ಉಳಿಯಿತು, ಕೊನೆಯಲ್ಲಿ ‘ದು’ ಉಳಿಯಿತು, ನಡುವೆ ಕಲೆ. “ಅಕ್ಕಾ, ಇದು ಹಾಡಬಹುದು!” ಎಂದಳು. ಹೌದಲ್ಲ! ಬಾರದು, ಬಹುದು: ಎರಡಕ್ಕೂ ಮೊದಲೂ ಕೊನೆಯೂ ಒಂದೇ, ನಡುವೆ ಬೆಕ್ಕಿನ ಪಾದದಷ್ಟು ಅಂತರ. ಇಷ್ಟು ವರ್ಷ ಕನ್ನಡ ಐಚ್ಛಿಕ ವಿಷಯವನ್ನು ಓದಿಯೂ ನನಗೆ ಇದು ಕಂಡಿರಲಿಲ್ಲ. ಚೀನೀ ಭಾಷೆಯಲ್ಲಿ ಆದಂತೆಯೇ ನಮ್ಮಲ್ಲಿಯೂ ಕಥೆ ಸರಾಗವಾಗಿ ನಡೆಯಿತು. ಮೂಲಕ್ಕಿಂತ ಚೆನ್ನಾಗಿ ನಡೆಯಿತೆಂದು ಹೇಳಿದರೆ ಸ್ವಭಾಷಾಭಿಮಾನವೆಂದು ಯಾರಾದರೂ ನಕ್ಕಾರು, ನಗಲಿ.

ಈ ಕಥೆಯಲ್ಲಿ ನನಗೆ ಹಿಡಿಸದ ಭಾಗವೊಂದಿದೆ. ಅದು ಅಮಲ್ದಾರನ ಹೃದಯಪರಿವರ್ತನೆ. ಜನರು ಅವನನ್ನು ಹೊಗಳಿ ಹಾಡುತ್ತಾರೆ, ಅವನು ಕರಗುತ್ತಾನೆ. ಯಾವುದಕ್ಕೆ ಹೊಗಳಿಕೆ? ಹಾಡು ಜನರದ್ದೇ. ಅದನ್ನು ಕಿತ್ತುಕೊಂಡವನು ಅವನು, ಅದೂ ಕೈತಪ್ಪಿ ಹಿಂದಕ್ಕೆ ಬಂತು. ತನ್ನ ವಸ್ತುವನ್ನು ಹಿಂದಕ್ಕೆ ಪಡೆದವನು ಕಸಿದವನಿಗೆ ಕೃತಜ್ಞತೆ ಹೇಳಬೇಕೇ? ಅಮಲ್ದಾರನ ಬಗ್ಗೆ ಜನ ಒಂದು ಗೇಲಿಯ ಹಾಡನ್ನು ಹೇಳಿದ್ದರೆ ಏನಾಗುತ್ತಿತ್ತು? ಸಾಗ್ವಾಳ ಗತಿ ಏನಾಗುತ್ತಿತ್ತು? ಹೊಗಳಿದರೆ ಮಾತ್ರ ಒಳ್ಳೆಯವನಾಗುವ ಅಧಿಕಾರಿಯನ್ನು ಮಕ್ಕಳ ಮುಂದೆ ಬುದ್ಧಿವಂತನಾದನೆಂದು ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಚಿತ್ರಮಾಲೆಯಲ್ಲಂತೂ ಅವನನ್ನು ಇನ್ನಷ್ಟು ಮೃದುಮಾಡಿ, ಊಟದ ಮೇಲೆ ಆಸೆಯಿರುವ ಒಬ್ಬ ನಿರಪಾಯ ಗೃಹಸ್ಥನನ್ನಾಗಿ ಮಾಡಿಬಿಟ್ಟಿದ್ದಾರೆ. ನಲವತ್ತು ಕಂತು ನಡೆಯಬೇಕಾದರೆ ಮನೆಯ ಯಜಮಾನನು ತೀರ ಕೆಟ್ಟವನಾಗಿದ್ದರೆ ಸಾಗದು, ನಿಜ. ಆದರೆ ಮಸಿಯ ಖಾರ ಹೋಯಿತು. ತಂಗಿಗೆ ಚಿತ್ರಮಾಲೆಯೇ ಹೆಚ್ಚು ಇಷ್ಟವೆಂಬುದನ್ನು ಪ್ರಾಮಾಣಿಕವಾಗಿ ತಿಳಿಸಬೇಕು. ಅವಳಿಗೆ ಡಾಂಗ್ವಾ ಮತ್ತು ಸಾಗ್ವಾರ ಜಗಳವೇ ಸಾಕು.

ಹೀಗಿದ್ದೂ ನಾನು ಈ ಕಥೆಯ ಪಕ್ಷ ವಹಿಸಿದ್ದೇಕೆ? ಅದನ್ನು ಹೇಳಿಬಿಡುತ್ತೇನೆ.

ನನ್ನ ತಂಗಿ ಕಪ್ಪು. ನಮ್ಮ ಮನೆಯಲ್ಲಿ ಅವಳೊಬ್ಬಳೇ ಅಜ್ಜನ ಬಣ್ಣದವಳು. ಮನೆಗೆ ಬಂದ ನೆಂಟರು ಅವಳ ಗಲ್ಲ ಹಿಡಿದು, ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎನ್ನುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಆ ‘ಆದರೂ’ ಇದೆಯಲ್ಲ, ಅದು ಅಮಲ್ದಾರನ ನಿರೂಪದ ಒಳಗಿನ ಪದದಂತೆಯೇ ಚಿಕ್ಕದು, ಅದರಷ್ಟೇ ಬಲವಾದುದು. ಸೋದರತ್ತೆಯು ಬಂದಾಗಲೆಲ್ಲ ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ಅವಳ ಮುಖಕ್ಕೆ ತಿಕ್ಕುತ್ತಾರೆ. ಹೋದ ವರ್ಷ ಅವಳು ಓದುವ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಗೀತನಾಟಕ ಆಡಿಸಿದರು. ಹಾಡುಗಳೆಲ್ಲ ಇವಳಿಗೆ ಬಾಯಿಪಾಠ. ಆದರೂ ಅವಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ದೀಪದ ಬೆಳಕಿನಲ್ಲಿ ಮುಖ ಎದ್ದು ಕಾಣುವುದಿಲ್ಲವೆಂದು ಕಾರಣ ಹೇಳಿದರಂತೆ. ಅವಳು ಮನೆಗೆ ಬಂದು ಅಳಲಿಲ್ಲ. ಬಚ್ಚಲಿನಲ್ಲಿ ಅರ್ಧಗಂಟೆ ಮುಖ ತೊಳೆದಳು. ನಾನು ಬಾಗಿಲು ತಟ್ಟಿ ಕರೆದುಕೊಂಡು ಬರಬೇಕಾಯಿತು.

ಮುಖಕ್ಕೆ ಮಸಿ ಬಳಿಯುವುದೆಂದರೆ ನಮ್ಮ ಭಾಷೆಯಲ್ಲಿ ಮಾನ ಕಳೆಯುವುದು. ಕಥೆಗಳಲ್ಲಿ ಶಾಪ ತಗುಲಿದವಳು ಕಪ್ಪಾಗುತ್ತಾಳೆ, ಶಾಪ ಕಳೆದೊಡನೆ ಬೆಳ್ಳಗಾಗುತ್ತಾಳೆ. ಮದುವೆಯ ಜಾಹೀರಾತುಗಳನ್ನು ನೋಡಿ. ಮುಲಾಮಿನ ಜಾಹೀರಾತುಗಳನ್ನು ನೋಡಿ. ಬಹು ಪ್ರಸಿದ್ಧವಾದ ಒಂದು ಮುಲಾಮಿನ ಹೆಸರಿನಿಂದ 2020ರಲ್ಲಿ ‘ಬಿಳುಪು’ ಎಂಬ ಅರ್ಥದ ಪದವನ್ನು ಅಳಿಸಿದರು. ಅಲ್ಲಿಯೂ ಒಂದೇ ಪದ ಹೋಯಿತು. ಆದರೆ ನಮ್ಮೂರಿನ ಅಂಗಡಿಯಲ್ಲಿ ಅದನ್ನು ಕೊಳ್ಳುವವರು ಇವತ್ತಿಗೂ ಹಳೆಯ ಹೆಸರಿನಿಂದಲೇ ಕೇಳುತ್ತಾರೆ, ಹಳೆಯ ಕಾರಣಕ್ಕಾಗಿಯೇ ಕೊಳ್ಳುತ್ತಾರೆ.

ಹೀಗಿರುವಲ್ಲಿ, ಮುತ್ತಿನಂತೆ ಬಿಳುಪಾಗಿದ್ದ ಮರಿಯೊಂದು ಕಪ್ಪು ಮೂತಿಯದಾಗಿ, ಅದೇ ಅದಕ್ಕೆ ಬಿರುದಾಗಿ, ಅದರ ವಂಶದವರೆಲ್ಲರೂ ಆ ಬಿರುದನ್ನು ಹೊತ್ತು ತಿರುಗುವರೆಂದು ಹೇಳುವ ಕಥೆಯನ್ನು ನಾನು ಇದಕ್ಕೆ ಮುಂಚೆ ಕೇಳಿರಲಿಲ್ಲ. ಏಮಿ ಟ್ಯಾನ್ ಅವರು ನಮ್ಮ ಮನೆಯ ಕಡಲೆಹಿಟ್ಟನ್ನು ನೆನೆದು ಬರೆದವರಲ್ಲ, ಅದು ನನಗೆ ಗೊತ್ತು. ಬರೆದವರು ನೆನೆಯದ ಮನೆಯಲ್ಲಿಯೂ ಕಥೆ ಕೆಲಸ ಮಾಡುತ್ತದೆ. ತಂಗಿಯು ಕಥೆ ಕೇಳಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಾಗಾದರೆ ಮಸಿ ತೊಳೆದರೂ ಹೋಗಲಿಲ್ಲವೇ?” ಎಂದು ಕೇಳಿದಳು. ಹೋಗಲಿಲ್ಲ ಎಂದೆ. “ಅವರಮ್ಮ ತೊಳೆಯಲು ನೋಡಲಿಲ್ಲವೇ?” ನೋಡಲಿಲ್ಲ ಎಂದೆ, ಆ ವಿವರ ಪುಸ್ತಕದಲ್ಲಿದೆಯೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ನಾನು ಪುಟ ತಿರುವಿ ನೋಡಲಿಲ್ಲ. ಅಧ್ಯಾಪಕರು ಇದನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸುವುದಾದರೆ ಸೇರಿಸಲಿ. ಅದು ಲೇಖಕಿಯದಲ್ಲ, ನನ್ನದು.

ಒಂದು ಕಥೆಯಿಂದ ಅವಳ ದುಃಖವೆಲ್ಲ ಕಳೆಯಿತೆಂದು ನಾನು ಹೇಳುತ್ತಿಲ್ಲ. ಸೋದರತ್ತೆ ದೀಪಾವಳಿಗೆ ಮತ್ತೆ ಬಂದರು. ಕಡಲೆಹಿಟ್ಟಿನ ಬಟ್ಟಲನ್ನು ತಂದಾಗ ಇವಳು, “ಅತ್ತೆ, ನಾನು ಸಾಗ್ವಾ” ಎಂದು ಹೇಳಿ ಹಿತ್ತಲಿಗೆ ಓಡಿದಳು. ಅತ್ತೆಗೆ ಏನೂ ಅರ್ಥವಾಗಲಿಲ್ಲ. “ಏನು ಹೆಸರೇ ಅದು?” ಎಂದು ನನ್ನನ್ನು ಕೇಳಿದರು. ಅದರ ಅರ್ಥ ಪೆದ್ದಿ ಎಂದು ನಾನು ಹೇಳಲಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಕಾಲೇಜಿನಿಂದ ಹೊರಬೀಳುವವರಲ್ಲಿ ಎಷ್ಟೋ ಮಂದಿ ಬಿ.ಎಡ್. ಮಾಡಿ ಉಪಾಧ್ಯಾಯರಾಗುವವರು. ಆದರೆ ನಮ್ಮ ಪುಸ್ತಕಭಂಡಾರದಲ್ಲಿ ಮಕ್ಕಳ ಕಥೆಯ ಪುಸ್ತಕ ನಾನು ಹುಡುಕಿದಷ್ಟರಲ್ಲಿ ಒಂದೂ ಸಿಕ್ಕಲಿಲ್ಲ. ಕನ್ನಡದ ಮಕ್ಕಳ ಪುಸ್ತಕಗಳಿಗೂ, ಬೇರೆ ದೇಶಗಳಿಂದ ಬಂದ ಇಂಥವುಗಳಿಗೂ ಒಂದು ಕಪಾಟನ್ನು ಮೀಸಲಿಡಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಇಪ್ಪತ್ತಾರು ಜನ ವಿದ್ಯಾರ್ಥಿನಿಯರೂ ಒಂಬತ್ತು ಜನ ವಿದ್ಯಾರ್ಥಿಗಳೂ ಸಹಿ ಹಾಕಿದ್ದಾರೆ. ಮೊದಲು ನಕ್ಕ ಆ ಅಧ್ಯಾಪಕರು ಅರ್ಜಿಯನ್ನು ತಿದ್ದಿಕೊಟ್ಟರು. ‘ಕೊಳ್ಳಬಹುದು’ ಎಂದು ನಾನು ಬರೆದಿದ್ದ ಕಡೆ ಅವರು ‘ಕೊಳ್ಳಬೇಕು’ ಎಂದು ಕೆಂಪು ಮಸಿಯಲ್ಲಿ ಮಾಡಿದ್ದಾರೆ.